ಹಳ್ಳದಲ್ಲಿ ಮಿಂದ ಅಕ್ಕಿ ರೊಟ್ಟಿ

ಶೆಟ್ಟಿಹಳ್ಳಿಯ ಹಳೇ ಚರ್ಚು ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗುತ್ತದೆ ಅನ್ನುವುದು ಹಾಸನದವರಿಗೆಲ್ಲ ಗೊತ್ತು. ಅದನ್ನು ನೋಡಲು ಬಂದವರೂ ಮುಳುಗುತ್ತಾರೆ ಅನ್ನುವುದು ಇಂಗ್ಲಿಷಿನಲ್ಲಿ ಓದಿದವರಿಗೆ ಮಾತ್ರ ಗೊತ್ತು. 'ಹಾಫ್ ಸಬ್‌ಮರ್ಜ್ಡ್ ಇನ್ ದ ಬ್ಯಾಕ್‌ವಾಟರ್ಸ್, ಟೂರಿಸ್ಟ್ಸ್ ಲವ್ ದಿಸ್ ಚರ್ಚ್.' ಬರೆದವರ ಮನಸ್ಸಿನಲ್ಲಿ ನೀರಲ್ಲಿ ನಿಂತಿರುವುದು ಚರ್ಚು. ವಾಕ್ಯದಲ್ಲಿ ಮಾತ್ರ ಎದೆಮಟ್ಟದ ನೀರಿನಲ್ಲಿ ಮೊಬೈಲು ಮೇಲೆತ್ತಿ ನಿಂತಿರುವವರು ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದ ಜನ. ಬೇಲೂರಿಗೆ ಹೋದರೆ ಇನ್ನೂ ಸೊಗಸು. 'ಕಾರ್ವ್ಡ್ ಇನ್ ಸೋಪ್‌ಸ್ಟೋನ್, ಅವರ್ ಗೈಡ್ ಶೋಡ್ ಅಸ್ ದ ಮದನಿಕಾಸ್.' ಬಳಪದ ಕಲ್ಲಿನಲ್ಲಿ ಕಡೆದ ಗೈಡು! ಬೇಲೂರಿನ ಗೈಡುಗಳ ಮಾತಿನ ಓಟ ಕೇಳಿದವರು ಯಾರೂ ಇದನ್ನು ನಂಬಲಾರರು.

ಇದಕ್ಕೆ ಇಂಗ್ಲಿಷ್ ವ್ಯಾಕರಣದವರು ಡ್ಯಾಂಗ್ಲಿಂಗ್ ಮಾಡಿಫೈಯರ್ ಅನ್ನುತ್ತಾರೆ, ಅಂದರೆ ಯಾರ ಬಗ್ಗೆ ಹೇಳಬೇಕೋ ಅವರಿಗೆ ಅಂಟದೆ ನೇತಾಡುವ ತುಣುಕು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಭಾನುವಾರ ಸಂಜೆ ನಿಂತು ನೋಡಿದರೆ ಇದರ ಗುಟ್ಟು ಬೇಗ ತಿಳಿಯುತ್ತದೆ. ಬೆಂಗಳೂರು ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ಲುಗಳು ಬೀಳುತ್ತವೆ. ಕನ್ನಡದಲ್ಲಿ ಟವೆಲ್ಲಿಗೆ ಮರ್ಯಾದೆ ಇದೆ, ಯಜಮಾನ ಬರುವ ತನಕ ಜನ ಕಾಯುತ್ತಾರೆ. ಇಂಗ್ಲಿಷಿನಲ್ಲಿ ಆ ದಾಕ್ಷಿಣ್ಯವಿಲ್ಲ. ವಾಕ್ಯದ ಮೊದಲಿಗೆ ನೀವು ಹಾಕಿದ ತುಣುಕೇ ಟವೆಲ್ಲು. ಕಾಮಾ ಆದ ತಕ್ಷಣ ಯಾರು ಮೊದಲು ಹತ್ತುತ್ತಾರೋ ಸೀಟು ಅವರದು. ಯಜಮಾನ ಹತ್ತಿ ಹಿಂದಿನ ಸೀಟಿಗೆ ಹೋಗಿದ್ದರೆ ಅದು ಮಿಸ್‌ಪ್ಲೇಸ್ಡ್, ಬಸ್ಸನ್ನೇ ಹತ್ತದಿದ್ದರೆ ಅದು ಡ್ಯಾಂಗ್ಲಿಂಗ್ ಎಂದು ಕಟ್ಟುನಿಟ್ಟಿನವರು ಭೇದ ಮಾಡುತ್ತಾರೆ. ಹಾಗೆ ನೋಡಿದರೆ ಚರ್ಚು, ಮದನಿಕೆ ಎರಡೂ ಹಿಂದಿನ ಸೀಟಿನವು. ಅಷ್ಟು ಕಟ್ಟುನಿಟ್ಟು ನನಗೆ ಬೇಡ.

ನಮ್ಮವರು ಹೀಗೆ ಬರೆಯುವುದಕ್ಕೆ ಇಂಗ್ಲಿಷ್ ಬಾರದ್ದಕ್ಕಿಂತ ಕನ್ನಡ ಚೆನ್ನಾಗಿ ಬಂದದ್ದೇ ಹೆಚ್ಚು ಕಾರಣ. 'ಹಳೇಬೀಡಿಗೆ ಹೋಗಿ ಮೂರು ವರ್ಷ ಆಯ್ತು' ಅಂತೀವಿ. ಹೋದದ್ದು ಯಾರು? ಮೂರು ವರ್ಷವಂತೂ ಹೋಗಿಲ್ಲ. 'ಮದುವೆಯಾಗಿ ಹತ್ತು ವರ್ಷ ಆಯ್ತು' ಅಂದರೆ ವರ್ಷಗಳಿಗೆ ತಾಳಿ ಕಟ್ಟಿದವರು ಯಾರೆಂದು ಯಾರೂ ಕೇಳುವುದಿಲ್ಲ. ಇನ್ನು 'ಬೆಟ್ಟ ಹತ್ತಿ ಬಂದೆ' ಅನ್ನುವಾಗ ಹತ್ತಿದವನು ಕ್ರಿಯಾಪದದ ಬಾಲದಲ್ಲೇ ಇದ್ದಾನೆ, ಬೇರೆ ಹೆಸರು ಹೇಳುವ ದರ್ದು ಇಲ್ಲ. ಹಾಗಂತ ಕನ್ನಡದಲ್ಲೂ ಎಲ್ಲ ನಡೆಯುವುದಿಲ್ಲ. 'ಊಟ ಮಾಡಿ ಬಸ್ಸು ಹೊರಟಿತು' ಅಂದರೆ ಐದನೇ ಕ್ಲಾಸಿನ ಹುಡುಗನೂ ಕಿಸಕ್ಕನೆ ನಗುತ್ತಾನೆ. 'ನಾವು ಊಟ ಮಾಡಿದ ಮೇಲೆ' ಅಂದರೆ ಸರಿಹೋಯಿತು. ಆ ಕಿವಿಯನ್ನೇ ಇಂಗ್ಲಿಷಿಗೂ ಸ್ವಲ್ಪ ಕೊಟ್ಟರೆ ಸಾಕು.

ಸಕಲೇಶಪುರದ ಕಡೆ ಹೋಂಸ್ಟೇ ನಡೆಸುವ ಗೌಡರೊಬ್ಬರು ಅವರ ಜಾಹೀರಾತು ತಿದ್ದಿಸಲು ನನ್ನ ಹತ್ತಿರ ಬರುತ್ತಾರೆ. ಬರುವಾಗ ಒಂದು ಪೊಟ್ಟಣ ಕಾಫಿ ಪುಡಿ ತರುತ್ತಾರಾದ್ದರಿಂದ ಇಲ್ಲ ಅನ್ನುವ ಮಾತಿಲ್ಲ. ಮೊನ್ನೆ ತಂದ ಹಾಳೆಯಲ್ಲಿ 'ಆಫ್ಟರ್ ಬೇದಿಂಗ್ ಇನ್ ದ ಸ್ಟ್ರೀಮ್, ಹಾಟ್ ಅಕ್ಕಿ ರೊಟ್ಟಿ ವಿಲ್ ಬಿ ಸರ್ವ್ಡ್' ಎಂದಿತ್ತು.

"ಗೌಡ್ರೇ, ಹಳ್ಳದಲ್ಲಿ ಸ್ನಾನ ಮಾಡೋದು ಯಾರು?"

"ಗೆಸ್ಟುಗಳು, ಇನ್ಯಾರು ಮೇಷ್ಟ್ರೇ?"

"ಇಲ್ಲಿ ರೊಟ್ಟಿ ಸ್ನಾನ ಮಾಡ್ತಾ ಇದೆ."

ಗೌಡರು ಕನ್ನಡಕ ಏರಿಸಿ ಓದಿದರು. "ರೊಟ್ಟಿ ಯಾಕೆ ಸ್ನಾನ ಮಾಡ್ತದೆ? ಓದೋರಿಗೆ ಅಷ್ಟೂ ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ನಗ್ತಾರೆ."

"ನಗಲಿ ಬಿಡಿ. ನಕ್ಕೊಂಡು ರೂಮ್ ಬುಕ್ ಮಾಡ್ತಾರೆ."

ಈ ವಾದಕ್ಕೆ ವ್ಯಾಕರಣದಲ್ಲಿ ಉತ್ತರವಿಲ್ಲ. ಆದರೂ ಪುಡಿಯ ಋಣ ಇತ್ತಲ್ಲ, ಎರಡು ದಾರಿ ತೋರಿಸಿದೆ. ಕಾಮಾ ಪಕ್ಕದಲ್ಲೇ ನಿಜವಾದ ಯಜಮಾನನನ್ನು ಕೂರಿಸುವುದು ಒಂದು: 'ಆಫ್ಟರ್ ಬೇದಿಂಗ್ ಇನ್ ದ ಸ್ಟ್ರೀಮ್, ಗೆಸ್ಟ್ಸ್ ಕ್ಯಾನ್ ಈಟ್ ಹಾಟ್ ಅಕ್ಕಿ ರೊಟ್ಟಿ.' ಮೊದಲಿನ ತುಣುಕಿಗೇ ಒಬ್ಬ ಕರ್ತೃವನ್ನು ಕೊಟ್ಟುಬಿಡುವುದು ಇನ್ನೊಂದು: 'ಆಫ್ಟರ್ ಯು ಬೇದ್ ಇನ್ ದ ಸ್ಟ್ರೀಮ್'. ಆಮೇಲೆ ರೊಟ್ಟಿ ಬರಲಿ, ಕಡುಬು ಬರಲಿ, ಮಿಂದವರು ಯಾರೆಂಬ ಗೊಂದಲ ಇಲ್ಲ. ಗೌಡರು ಎರಡನೆಯದನ್ನು ಹಿಡಿದರು, 'ಯು' ಅಂದರೆ ಮನೆಗೆ ಕರೆದಂಗೆ ಇರುತ್ತದಂತೆ. ತುಣುಕನ್ನು ಎತ್ತಿ ವಾಕ್ಯದ ಕೊನೆಗೆ ಹಾಕಿಬಿಡಬಹುದಲ್ಲ ಎಂದೂ ಕೇಳಿದರು. ತುಂಬ ಜನ ಮಾಡುವುದು ಅದನ್ನೇ. ಅಲ್ಲಿ ನಗು ಸ್ವಲ್ಪ ಅಡಗುತ್ತದೆ, ಸ್ನಾನ ಮಾಡುವವರು ಮಾತ್ರ ಆಗಲೂ ವಾಕ್ಯಕ್ಕೆ ಬಂದಿರುವುದಿಲ್ಲ.

ಈ ಎರಡನೇ ದಾರಿಯನ್ನು ನಾವೆಲ್ಲ ಗೊತ್ತಿಲ್ಲದೇ ಕಲಿತಿದ್ದೇವೆ. ಹೈಸ್ಕೂಲಿನ ರಜಾ ಅರ್ಜಿ ನೆನಪು ಮಾಡಿಕೊಳ್ಳಿ: 'ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್'. ಉರು ಹೊಡೆದ ಇಂಗ್ಲಿಷ್ ಎಂದು ಅದನ್ನು ಆಡಿಕೊಳ್ಳುವವರು ಬಹಳ. ಅದರೊಳಗಿನ 'ಐ' ನೋಡಿ, ಜ್ವರ ಬಂದವನು ಎದ್ದು ನಿಂತು ನನಗೇ ಅನ್ನುತ್ತಿದ್ದಾನೆ. ಕಾಲೇಜು ಮೆಟ್ಟಿಲು ಹತ್ತಿ ಇಂಗ್ಲಿಷ್ ಸ್ವಲ್ಪ ಚುರುಕಾದ ಮೇಲೆ ಅದೇ ಹುಡುಗ 'ಸಫರಿಂಗ್ ಫ್ರಮ್ ಫೀವರ್, ಯು ಆರ್ ರಿಕ್ವೆಸ್ಟೆಡ್ ಟು ಗ್ರಾಂಟ್ ಮಿ ಲೀವ್' ಎಂದು ಬರೆಯುತ್ತಾನೆ. ಜ್ವರ ಪ್ರಿನ್ಸಿಪಾಲರಿಗೆ, ರಜೆ ಇವನಿಗೆ.

ಎಲ್ಲದಕ್ಕೂ ಕೆಂಪು ಪೆನ್ನು ಹಿಡಿಯುವುದು ನನಗೆ ಒಗ್ಗದು. 'ಕನ್ಸಿಡರಿಂಗ್ ದ ರೇನ್, ದ ಬಸ್ ಕೇಮ್ ಅರ್ಲಿ' ಅಂದರೆ ಬಸ್ಸು ಕೂತು ಮಳೆಯ ವಿಚಾರ ಮಾಡಿತೇ ಎಂದು ಕೇಳುವವನು ರಸಭಂಗ ಮಾಡುವವನು. ಕನ್ಸಿಡರಿಂಗ್, ರಿಗಾರ್ಡಿಂಗ್, ಜನರಲಿ ಸ್ಪೀಕಿಂಗ್ ಇವೆಲ್ಲ ಬಳಸಿ ಬಳಸಿ ಯಜಮಾನನ ಹಂಗು ಬಿಟ್ಟವು. ಶೇಕ್ಸ್‌ಪಿಯರ್ ಕೂಡ ಇಂಥದ್ದನ್ನು ಬರೆದಿದ್ದಾನೆ. ತಾನು ತೋಟದಲ್ಲಿ ಮಲಗಿದ್ದಾಗ ಹಾವು ಕಚ್ಚಿತೆಂದು ಸುದ್ದಿ ಹಬ್ಬಿಸಿದ್ದಾರೆ ಎಂದು ಹ್ಯಾಮ್ಲೆಟ್ಟನ ಅಪ್ಪನ ಪ್ರೇತ ಹೇಳುವ ಸಾಲನ್ನು ವ್ಯಾಕರಣ ಹಿಡಿದು ಓದಿದರೆ, ಮಲಗಿದ್ದದ್ದು ಹಾವು. ಯಾವ ಪ್ರೇಕ್ಷಕನೂ ಎದ್ದು ತಕರಾರು ಮಾಡಿದಂತಿಲ್ಲ.

ನನ್ನ ತಕರಾರಿರುವುದು ಕಚೇರಿಯ ಇಂಗ್ಲಿಷಿನ ಮೇಲೆ. 'ಹ್ಯಾವಿಂಗ್ ವೆರಿಫೈಡ್ ದ ರೆಕಾರ್ಡ್ಸ್, ದ ಅಪ್ಲಿಕೇಶನ್ ಈಸ್ ರಿಜೆಕ್ಟೆಡ್.' ದಾಖಲೆ ಪರಿಶೀಲಿಸಿದ್ದು ಯಾರು? ಅರ್ಜಿಯೇ. ತನ್ನ ದಾಖಲೆ ತಾನೇ ನೋಡಿಕೊಂಡು ತಾನೇ ತಿರಸ್ಕೃತವಾಯಿತು. ಇದು ಕೈತಪ್ಪಿ ಆದದ್ದಲ್ಲ ಎಂದು ನನ್ನ ಗುಮಾನಿ. ಕನ್ನಡದ 'ಪರಿಶೀಲಿಸಲಾಗಿ' ಕೂಡ ಇದೇ ಕುಲದ್ದು. ಇಲ್ಲಿ ಟವೆಲ್ಲು ಹಾಕಿದವರು ಬೇಕೆಂದೇ ಬಸ್ಸು ಹತ್ತುವುದಿಲ್ಲ. ತಿದ್ದಬೇಕಾದರೆ ಯಾವ ಅಧಿಕಾರಿ ಎಂದು ಬರೆಯಬೇಕು, ಬರೆದರೆ ನಾಳೆ ಅವರ ಟೇಬಲ್ಲಿನ ಮುಂದೆ ಜನ ನಿಲ್ಲುತ್ತಾರೆ.

ಇಂಥ ಕಾಗದ ಓದುವ ಜಿಲ್ಲೆಯಲ್ಲೇ ಶ್ರವಣಬೆಳಗೊಳವೂ ಇದೆ. 'ಹ್ಯಾವಿಂಗ್ ಕ್ಲೈಂಬ್ಡ್ ದ ಸ್ಟೆಪ್ಸ್, ಗೊಮ್ಮಟ ಸ್ಟುಡ್ ಬಿಫೋರ್ ಅಸ್' ಎಂದು ಯಾರಾದರೂ ಬರೆದಾರು. ಗೊಮ್ಮಟ ಒಂದು ಮೆಟ್ಟಿಲನ್ನೂ ಹತ್ತಿದವನಲ್ಲ, ಬೆಟ್ಟದ ತುದಿಯ ಬಂಡೆಯಲ್ಲೇ ಅವನನ್ನು ಕಡೆದದ್ದು. ಅವನ ಪಾದದ ಪಕ್ಕದಲ್ಲಿ ಹಳಗನ್ನಡದ ಒಂದು ಸಾಲಿದೆ: 'ಶ್ರೀ ಚಾವುಂಡರಾಜಂ ಮಾಡಿಸಿದಂ'. ಏನನ್ನು ಮಾಡಿಸಿದ ಎಂದು ಹೇಳಿಲ್ಲ, ತಲೆ ಎತ್ತಿದರೆ ಕಾಣುತ್ತದೆ. ಯಾರು ಮಾಡಿಸಿದ ಎಂಬುದು ಮಾತ್ರ ಹೆಸರಿನಲ್ಲಿ ಒಮ್ಮೆ, ಕ್ರಿಯಾಪದದ ಬಾಲದಲ್ಲಿ ಇನ್ನೊಮ್ಮೆ ಇದೆ. ಇವತ್ತು ಯಾವುದಾದರೂ ಕಚೇರಿಗೆ ಆ ಕೆಲಸ ಕೊಟ್ಟಿದ್ದರೆ ಅಲ್ಲಿ 'ಬಂಡೆಯನ್ನು ಪರಿಶೀಲಿಸಲಾಗಿ, ಮಾಡಿಸಲಾಗಿದೆ' ಎಂದಿರುತ್ತಿತ್ತು. ಕೆಳಗೆ ಸಹಿ, ಅದೂ ಓದಲು ಬಾರದ್ದು.