ಕ್ರೋಶಾ ಕಡ್ಡಿಯ ಆಕ್ರೋಶ

ಫೋನಿನಿಂದ ಸಿಮ್ ತೆಗೆಯಲು ಒಂದು ಪಿನ್ ಕೊಟ್ಟಿರುತ್ತಾರೆ. ಬೇಕಾದಾಗ ಅದು ಯಾರ ಮನೆಯಲ್ಲೂ ಸಿಗುವುದಿಲ್ಲ. ನಮ್ಮ ಮನೆಯಲ್ಲೂ ಸಿಗಲಿಲ್ಲ. ನಮ್ಮವರು ಎರಡು ನಿಮಿಷ ಹುಡುಕಿದರು, ಆಮೇಲೆ ನನ್ನ ಹೊಲಿಗೆ ಡಬ್ಬಿಗೆ ಕೈ ಹಾಕಿದರು. ಅಲ್ಲಿ ನಾನು ನೂಲಿನಿಂದ ಲೇಸ್ ಹೆಣೆಯುವ 0.6 ಮಿಲಿಮೀಟರಿನ ಕ್ರೋಶಾ ಕಡ್ಡಿ ಇತ್ತು.

ತೂತಿಗೆ ಸರಿಯಾಗಿ ಹೋಯಿತು. ವಾಪಸ್ ಬರಲಿಲ್ಲ. ಒಳಗಿರುವುದನ್ನು ಹಿಡಿದು ಎಳೆಯಲಿಕ್ಕೇ ಅಲ್ವಾ ಅದರ ತುದಿಗೆ ಕೊಂಡಿ ಇರುವುದು? ತಿರುಚಿದರು, ಎಳೆದರು, ಬೆವರಿದರು. ಅಂತೂ ಬಂತು. ಮಗಳು ಓಡಿ ಬಂದು "ಫೋನ್ ಸರಿ ಇದೆಯಾ ಅಪ್ಪಾ?" ಎಂದು ಎರಡು ಸಲ ಕೇಳಿದಳು. ಕಡ್ಡಿ ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ.

ಕಡ್ಡಿಯ ಬಾಯಿ ಕೂದಲೆಳೆಯಷ್ಟು ತೆರೆದುಕೊಂಡಿತ್ತು. ಕಣ್ಣಿಗೆ ಕಾಣುವುದಿಲ್ಲ, ಉಗುರಿನ ಮೇಲೆ ಸವರಿದರೆ ಗೊತ್ತಾಗುತ್ತದೆ. ಇಂಥ ಕಡ್ಡಿ ನೂಲನ್ನು ಹಿಡಿಯುವುದಿಲ್ಲ, ಸೀಳುತ್ತದೆ. ಎರಡು ಎಳೆ ಕುಣಿಕೆಯೊಳಗೆ ಬಂದರೆ ಒಂದು ಎಳೆ ಮುನಿಸಿಕೊಂಡು ಹೊರಗೇ ನಿಲ್ಲುತ್ತದೆ. ನಾಲ್ಕು ಸಾಲು ಮುಂದೆ ಹೋದ ಮೇಲೆ ಅದು ಕಣ್ಣಿಗೆ ಬೀಳುತ್ತದೆ. ಅಷ್ಟನ್ನೂ ಬಿಚ್ಚಬೇಕು.

"ಇನ್ನೊಂದು ತಗೊಂಡ್ರಾಯ್ತಲ್ಲೇ" ಎಂದರು.

ತಗೊಳ್ಳಬಹುದು. ಆದರೆ ಉಕ್ಕಿನ ಕಡ್ಡಿಗಳಲ್ಲಿ ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ. ಉಣ್ಣೆಯ ಕಡ್ಡಿಗಳಿಗೆ ಅಮೆರಿಕದವರು ಅಕ್ಷರ ಇಟ್ಟಿದ್ದಾರೆ, ಅಲ್ಲಿ ಅಕ್ಷರ ಮುಂದಕ್ಕೆ ಹೋದಷ್ಟೂ ದಪ್ಪ. ಒಂದು ಕಂಪನಿಯ 14 ಇನ್ನೊಂದು ಕಂಪನಿಯ 14 ಆಗಿರಬೇಕು ಅಂತೇನಿಲ್ಲ. ಹೆಣಿಗೆಯ ಹೆಸರುಗಳೂ ಹಾಗೇ. ಅಮೆರಿಕದವರು ಡಬಲ್ ಎನ್ನುವುದು ಬ್ರಿಟನ್ನಿನವರಿಗೆ ಟ್ರೆಬಲ್. ಇದು ಗೊತ್ತಿಲ್ಲದ ಕಾಲದಲ್ಲಿ ನಾನು ಹೂದಾನಿಯ ಕೆಳಗೆ ಹಾಕುವ ಮ್ಯಾಟ್ ಹೆಣೆಯಲು ಹೋಗಿ ಬಟ್ಟಲು ಮಾಡಿಕೊಂಡಿದ್ದೆ. ಕ್ರೋಶಾ ಅಂದರೆ ಫ್ರೆಂಚಿನಲ್ಲಿ ಸಣ್ಣ ಕೊಂಡಿ ಎಂದರ್ಥ. ನನಗೇನೋ ಅದು ನಮ್ಮ ಆಕ್ರೋಶದ ತಂಗಿಯೇ ಅನ್ನಿಸುತ್ತದೆ.

ಕೈಗೂ ಕೈಯ ಉಪಕರಣಕ್ಕೂ ಇರುವ ನಂಟಿನ ಬಗ್ಗೆ ಒಂದು ಮಾತು ಹೇಳಬೇಕೆಂದೇ ಇದನ್ನು ಬರೆಯಲು ಕೂತೆ. ಅದಕ್ಕೆ ಬರುತ್ತೇನೆ. ಮೊದಲು ನೇಣಿನ ವಿಷಯ ಹೇಳಿಬಿಡುತ್ತೇನೆ.

ಇಂಗ್ಲೆಂಡಿನ ಬೆಡ್‌ಫರ್ಡ್ ಕಡೆ ದಿಂಬಿನ ಮೇಲೆ ಲೇಸ್ ಹೆಣೆಯುವ ಹೆಂಗಸರಿದ್ದರು. ನೂಲು ಸುತ್ತಿಕೊಳ್ಳುವ ಅವರ ಕಡ್ಡಿಗಳು, ಅಂದರೆ ಬಾಬಿನ್‌ಗಳು, ಬೆರಳಿಗಿಂತ ತೆಳ್ಳಗೆ, ಮರದವು ಇಲ್ಲವೇ ಮೂಳೆಯವು. ಉರುಳಿ ಹೋಗದಿರಲಿ, ತೂಕವೂ ಬರಲಿ ಎಂದು ಬುಡಕ್ಕೆ ಗಾಜಿನ ಮಣಿಗಳನ್ನು ಗೆಜ್ಜೆಯ ಹಾಗೆ ಕಟ್ಟಿರುತ್ತಿದ್ದರು. ಬಾಬಿನ್ನಿನ ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆಸಿ ಕೆಂಪೋ ನೀಲಿಯೋ ತುಂಬಿಸುತ್ತಿದ್ದರು. ಮಗುವಿನ ಹೆಸರು, ಪ್ರೀತಿಸಿದವನ ಹೆಸರು, ಹೀಗೆ. ಇಷ್ಟಾದರೆ ಸರಿ. ಆದರೆ ಗಲ್ಲಿಗೆ ಹೋದವರ ಹೆಸರನ್ನೂ ಕೊರೆಸುತ್ತಿದ್ದರು! ಜೋಸೆಫ್ ಕ್ಯಾಸಲ್, ನೇಣು, 1860. ಈ ಮಹಾಶಯ ಹೆಂಡತಿಯನ್ನು ಕೊಂದವನು. ವಿಲಿಯಂ ವರ್ಸ್ಲಿ, 1868. ಬೆಡ್‌ಫರ್ಡಿನಲ್ಲಿ ಜನರ ಎದುರು ಗಲ್ಲಿಗೇರಿಸಿದ್ದು ಅವನೇ ಕೊನೆ.

ಜಾತ್ರೆಗೆ ಹೋದವರು ಪೀಪಿ ತರುವ ಹಾಗೆ ಇವರು ಗಲ್ಲಿನ ನೆನಪಿಗೆ ಬಾಬಿನ್ ತಂದಿಟ್ಟುಕೊಂಡರೇ? ಮಾರನೆಯ ದಿನ ಬೆಳಿಗ್ಗೆ ದಿಂಬಿನ ಮುಂದೆ ಕೂತರೆ ಕೈಗೆ ಮೊದಲು ಸಿಗುವವನು ಕ್ಯಾಸಲ್. ಪಕ್ಕದಲ್ಲಿ 'ನನ್ನ ಮುದ್ದು'. ಈ ಲೇಸಿಗೆ ಇರುವುದು ಎರಡೇ ಚಲನೆ, ದಾಟಿಸು, ತಿರುಚು. ಕೊಲೆಗಾರ ಮುದ್ದನ್ನು ದಾಟುತ್ತಾನೆ, ಮುದ್ದು ಕೊಲೆಗಾರನನ್ನು ದಾಟುತ್ತದೆ, ಮಣಿಗಳು ಟಿಕ್ ಟಿಕ್ ಎನ್ನುತ್ತವೆ. ಕೆಳಗೆ ಯಾರದೋ ಮಗುವಿನ ಟೋಪಿಯ ಅಂಚು ಬೆಳೆಯುತ್ತಿರುತ್ತದೆ.

ನೆನಪಿಗೆ ಅಂತಲೇ ಎಲ್ಲರೂ ಹೇಳುತ್ತಾರೆ. ನನ್ನ ಅನುಮಾನ ಬೇರೆ. ಅದು ಕಾವಲಿಗೆ. 'ನೇಣು' ಎಂದು ಬರೆದ ಕಡ್ಡಿಯಿಂದ ಯಾರು ತಾನೇ ಕಿವಿ ಕೆರೆದುಕೊಂಡಾರು? ಯಾವ ಗಂಡ ಅದನ್ನು ಕೇಳದೆ ಎತ್ತಿಕೊಂಡಾನು? ಆ ಹೆಂಗಸರು ಬುದ್ಧಿವಂತರು. ನನ್ನ ಕಡ್ಡಿಯಲ್ಲಿ ಬರೆಯಲಿಕ್ಕೆ ಜಾಗವೇ ಇಲ್ಲ. ಹೆಬ್ಬೆರಳು ಊರುವ ಕಡೆ ಉಗುರಿನಷ್ಟು ಚಪ್ಪಟೆ ಜಾಗ, ಅಲ್ಲಿದ್ದ ನಂಬರ್ ಕೂಡ ಸವೆದು ಹೋಗಿದೆ.

ನೂಲಿಗೆ ಗಂಟು ಹಾಕುತ್ತಾ ಲೇಸ್ ಮಾಡುವ ಟ್ಯಾಟಿಂಗ್ ಲಾಳಿಗೆ ಈ ಕಾಟವಿಲ್ಲ. ಪುಟ್ಟ ದೋಣಿಯಂತಿರುವ ಅದರಿಂದ ಬೇರೆ ಏನು ಮಾಡಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ಮೊನೆ ಇರುವ ವಸ್ತುಗಳದ್ದೇ ಕಷ್ಟ. ಬಡಗಿಯ ಉಳಿಯನ್ನು ಕೇಳದೆ ಮುಟ್ಟಿದರೆ ಅವನು ಬೈಯುತ್ತಾನೆ, ಅವನು ಬೈಯುವುದು ನ್ಯಾಯ ಅಂತ ಊರೇ ಒಪ್ಪುತ್ತದೆ. ನಾನು ಬೈದರೆ "ಟೈಮ್‌ಪಾಸ್‌ಗೆ ತಾನೇ ಮಾಡೋದು, ಅದಕ್ಕೆ ಇಷ್ಟೊಂದಾ?" ಎಂಬ ಮಾತು. ಜೊತೆಗೆ, "ಇದೇ ಲೇಸು ಮೆಷಿನ್ನಿನಲ್ಲಿ ಬರುತ್ತಲ್ಲ." ಗೊತ್ತು ಕಣ್ರೀ, ಬರುತ್ತೆ. 1816ರಲ್ಲಿ ಇಂಗ್ಲೆಂಡಿನ ಲಫ್‌ಬರೋದಲ್ಲಿ ಜಾನ್ ಹೀತ್‌ಕೋಟನ ಕಾರ್ಖಾನೆಯ ಲೇಸ್ ಯಂತ್ರಗಳನ್ನು, ಯಂತ್ರಗಳ ಮೇಲೆ ಸಿಟ್ಟಾದವರು ರಾತ್ರಿ ನುಗ್ಗಿ ಒಡೆದು ಹಾಕಿದರು. ನಾನು ಅಷ್ಟು ದೂರ ಹೋಗಲಿಲ್ಲ. ಫೋನನ್ನು ಮುಟ್ಟಲೂ ಇಲ್ಲ.

ಸಂಜೆ ನಮ್ಮವರು ಇಕ್ಕಳ ಹಿಡಿದು ಕಡ್ಡಿಯ ಬಾಯಿ ಒತ್ತಿ ತಂದರು. "ನೋಡೇ, ಹೊಸದರ ಹಾಗಾಯ್ತು." ಮುಖದಲ್ಲಿ ಅಷ್ಟು ಸಂತೋಷ ಇತ್ತು, ಸುಮ್ನೆ ಹ್ಞೂಂ ಎಂದೆ. ಅವರು ಆ ಕಡೆ ಹೋದ ಮೇಲೆ ಹೆಣೆದು ನೋಡಿದೆ. ಮೂರನೇ ಕುಣಿಕೆಗೇ ನೂಲು ಸೀಳಿತು. ಡಬ್ಬಿಯ ತಳದಲ್ಲಿ ಅದನ್ನು ಇಟ್ಟುಬಿಟ್ಟೆ.

ಮೊನ್ನೆ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು, "ಸಿಮ್ ತೆಗೆಯೋಕೆ ಏನಾದ್ರೂ ಇದೆಯಾ?" ಎಂದು ಕೇಳಿದರು.

ಇದೆ ಎಂದೆ. ಕೊಡಲಿಲ್ಲ.