ಮೊದಲ ಕ್ರ್ಯಾಶ್‌ಗೇ ನ್ಯೂ ವೇಗಸ್ ಡಿಲೀಟ್ ಮಾಡೋರಿಗೆ

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸಾವಿರಗಟ್ಟಲೆ ಸುರಿದು ಗ್ರಾಫಿಕ್ಸ್ ಕಾರ್ಡ್ ತರ್ತೀರಿ, ಅಣುಯುದ್ಧದ ನಂತರದ ಅಮೆರಿಕದಲ್ಲಿ ನಡೆಯೋ ಕಂಪ್ಯೂಟರ್ ಗೇಮ್ ‘ಫಾಲ್‌ಔಟ್: ನ್ಯೂ ವೇಗಸ್’ ಹಾಕ್ತೀರಿ, ಒಂದು ಸಲ ಕ್ರ್ಯಾಶ್ ಆದ್ರೆ ಕಿತ್ತು ಹಾಕ್ತೀರಿ. ಆಮೇಲೆ "ಡಬ್ಬಾ ಗೇಮ್, ಜನ ಯಾಕೆ ಇಷ್ಟು ಹೊಗಳ್ತಾರೋ" ಅಂತ ಪೋಸ್ಟ್. ಇವತ್ತು ಬೆಳಗ್ಗೆ ಅಂಥದ್ದೇ ಇನ್ನೊಂದು ಕಣ್ಣಿಗೆ ಬಿತ್ತು. ಹೊಟ್ಟೆ ಉರಿಯುತ್ತೆ ಕಣ್ರೀ.

ಐಬು ಇಲ್ಲ ಅಂತ ಯಾರೂ ಹೇಳ್ತಿಲ್ಲ. ಅಬ್ಸಿಡಿಯನ್ ಸ್ಟುಡಿಯೋದವರು ಸುಮಾರು 18 ತಿಂಗಳಲ್ಲಿ, ಇದೇ ಸರಣಿಯ ಹಿಂದಿನ ಗೇಮ್ ಫಾಲ್‌ಔಟ್ 3ರ ಎಂಜಿನ್ ಮೇಲೇ ಕಟ್ಟಿ 2010ರ ಅಕ್ಟೋಬರ್‌ನಲ್ಲಿ ಬಿಟ್ಟ ಗೇಮ್ ಇದು. ಹೊಸತರಲ್ಲಿ, ಗೇಮ್ ಶುರುವಲ್ಲೇ ಸಿಗೋ ಡಾಕ್ಟರ್ ಡಾಕ್ ಮಿಚೆಲ್ ತಲೆ ಬುಗುರಿ ಥರ ತಿರುಗ್ತಿತ್ತು. ಆದರೆ ಈಗ ಆಗೋ ಕ್ರ್ಯಾಶ್‌ಗಳಿಗೆ ದೊಡ್ಡ ಕಾರಣ ಬೇರೆ. ಇದು 32 ಬಿಟ್ ಪ್ರೋಗ್ರಾಂ. ನಿಮ್ಮ ಹತ್ರ 16 ಜಿಬಿ ರ್‍ಯಾಮ್ ಇದ್ರೂ ಅದು ಬಳಸೋದು 2 ಜಿಬಿ ಮಾತ್ರ.

ಹತ್ತೇ ನಿಮಿಷದ ಕೆಲಸ. ಗೇಮನ್ನ ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಬೇಡಿ, ಅಲ್ಲಿ ಫೈಲ್ ಬದಲಿಸೋಕೆ ವಿಂಡೋಸ್ ಅಡ್ಡ ಬರುತ್ತೆ. ಬೇರೆ ಫೋಲ್ಡರ್ ಮಾಡಿ. ಲಾಂಚರನ್ನ ಒಂದು ಸಲ ಓಪನ್ ಮಾಡಿ ಮುಚ್ಚಿ, ಸೆಟ್ಟಿಂಗ್ ಫೈಲ್‌ಗಳು ಹುಟ್ಟೋದೇ ಆಗ. ಗೇಮ್‌ಗೆ 4 ಜಿಬಿ ತನಕ ರ್‍ಯಾಮ್ ಬಳಸೋಕೆ ಬಿಡೋ 4ಜಿಬಿ ಪ್ಯಾಚರನ್ನ ಗೇಮ್ ಫೋಲ್ಡರ್‌ಗೆ ಹಾಕಿ ಒಮ್ಮೆ ರನ್ ಮಾಡಿ. ಆಮೇಲೆ ಬೇರೆ ಮಾಡ್‌ಗಳು ಓಡೋಕೆ ಬೇಕಾದ ಎಕ್ಸ್‌ಎನ್‌ವಿಎಸ್‌ಇ (xNVSE), ಅದರ ಮೇಲೆ ಎಂಜಿನ್ ದೋಷ ಸರಿಮಾಡೋ ಜೆಐಪಿ ಎಲ್‌ಎನ್ (JIP LN) ಮತ್ತು ಟಿಕ್ ಫಿಕ್ಸ್ ಮಾಡ್‌ಗಳು. ಓಡಾಡುವಾಗ ಚಿತ್ರ ತಡವರಿಸೋದು ಟಿಕ್ ಫಿಕ್ಸ್‌ನಿಂದಲೇ ಎಷ್ಟೋ ಕಮ್ಮಿಯಾಗುತ್ತೆ. ಬಗ್‌ನಿಂದ ಅರ್ಧಕ್ಕೆ ನಿಲ್ಲೋ ಕ್ವೆಸ್ಟ್‌ಗಳಿಗೆ, ಅಂದ್ರೆ ಗೇಮ್ ಒಳಗಿನ ಕೆಲಸಗಳಿಗೆ, ಅಭಿಮಾನಿಗಳೇ ಮಾಡಿದ ಯುಪ್ (YUP) ಪ್ಯಾಚ್. ಆಟೋಸೇವ್ ಆಫ್ ಮಾಡಿ. ಮೆನುಗೆ ಹೋಗಿ ಪ್ರತಿ ಸಲ ಹೊಸ ಸೇವ್ ಮಾಡಿ. ಇಷ್ಟೂ ಮಾಡದೆ ಗೇಮ್ ಬಗ್ಗೆ ತೀರ್ಪು ಕೊಡೋದು ಅನ್ಯಾಯ.

"ದುಡ್ಡು ಕೊಟ್ಟು ತಗೊಂಡವರು ರಿಪೇರಿ ಯಾಕೆ ಮಾಡಬೇಕು?" ಅಂತ ಕೇಳ್ತೀರಿ. ಮಾಡಬೇಕಾಗಿ ಬಂದಿದ್ದು ತಪ್ಪೇ. ಆದರೆ ಮೆಮೊರಿ ಸಮಸ್ಯೆಗೆ ಪ್ಯಾಚ್ ಇದೆ. ಬರವಣಿಗೆ ಜೊಳ್ಳಾಗಿದ್ರೆ ಯಾವ ಪ್ಯಾಚ್ ಹಾಕ್ತೀರಿ?

ಫಾಲ್‌ಔಟ್ 3ರಲ್ಲಿ ಮಾತಲ್ಲಿ ಒಪ್ಪಿಸೋದು ಶೇಕಡಾವಾರು ಅದೃಷ್ಟ; ಸೋತರೆ ಸೇವ್ ಲೋಡ್ ಮಾಡಿ ಮತ್ತೆ ನೋಡಬಹುದಿತ್ತು. ನ್ಯೂ ವೇಗಸ್‌ನಲ್ಲಿ ಆ ವಿದ್ಯೆಯಲ್ಲಿ ಬೇಕಾದಷ್ಟು ಅಂಕ ಇದ್ರೆ ಆಯ್ತು, ಇಲ್ಲದಿದ್ರೆ ಇಲ್ಲ. ಮಾತುಗಾರಿಕೆ ಒಂದಕ್ಕೇ ಅಲ್ಲ, ಎಲ್ಲ ವಿದ್ಯೆಗೂ ಬೆಲೆಯಿದೆ. ಗೇಮ್ ಶುರುವಾಗೋ ಊರು ಗುಡ್‌ಸ್ಪ್ರಿಂಗ್ಸ್ ಮೇಲೆ ಪೌಡರ್ ಗ್ಯಾಂಗ್ ಅನ್ನೋ ಪುಂಡರ ಗುಂಪು ಬೀಳೋ ಹೊತ್ತಿಗೆ ಎಕ್ಸ್‌ಪ್ಲೋಸಿವ್ಸ್ (ಸ್ಫೋಟಕ ವಿದ್ಯೆ) 25 ಇದ್ರೆ ಊರಿನ ಮುದುಕ ಈಜಿ ಪೀಟ್ ಡೈನಮೈಟ್ ಕೊಡ್ತಾನೆ, ಬಾರ್ಟರ್ (ವ್ಯಾಪಾರ) 25 ಇದ್ರೆ ಅಂಗಡಿಯ ಚೆಟ್ ಸಾಮಾನು ಬಿಚ್ತಾನೆ. ಬೇಡ ಅಂದ್ರೆ ಗ್ಯಾಂಗ್ ಸೇರಿ ಊರನ್ನೇ ಲೂಟಿ ಮಾಡಿ, ಗೇಮ್ ತಡೆಯಲ್ಲ. ಆದರೆ ಊರು ನಿಮ್ಮನ್ನ ಮರೆಯಲ್ಲ.

ಹೀಲಿಯೋಸ್ ಒನ್ ಸೌರ ಸ್ಥಾವರ ತಗೊಳ್ಳಿ. ಕರೆಂಟನ್ನ ಕ್ಯಾಸಿನೋಗಳ ಬೀದಿ ಸ್ಟ್ರಿಪ್‌ಗೂ ಸೈನ್ಯದ ಮೆಕ್ಯಾರನ್ ಶಿಬಿರಕ್ಕೂ ಕೊಡಬಹುದು, ಬಡವರಿರೋ ಫ್ರೀಮಾಂಟ್, ವೆಸ್ಟ್‌ಸೈಡ್‌ಗೆ ಕೊಡಬಹುದು, ಇಡೀ ಪ್ರದೇಶಕ್ಕೆ ಹಂಚಬಹುದು, ಇಲ್ಲಾ ಎಲ್ಲವನ್ನೂ ಆರ್ಕಿಮಿಡೀಸ್ ಅಸ್ತ್ರಕ್ಕೆ ತಿರುಗಿಸಬಹುದು. ಕೊನೆಗೆ ನೀರು, ಕರೆಂಟ್ ಎರಡನ್ನೂ ಕೊಡೋ ಹೂವರ್ ಡ್ಯಾಮ್ ಯಾರ ಕೈಗೆ ಅನ್ನೋದೇ ಯುದ್ಧ. ಕಾವೇರಿ ನೀರಿಗೆ ಕಾಯೋ, ಯಾವ ಏರಿಯಾಗೆ ಕರೆಂಟ್ ಹೋಯ್ತು ಅಂತ ವಿಚಾರಿಸೋ ನಮ್ಮೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಇಂಥ ಗೇಮನ್ನ ಒಂದು ಕ್ರ್ಯಾಶ್‌ಗೆ ಬಿಟ್ಟುಬಿಡ್ತೀರಲ್ಲ, ಅದೇ ನನ್ನ ಸಂಕಟ.

ವಿಮರ್ಶಕರ ಅಂಕಗಳ ಸರಾಸರಿ ಕೊಡೋ ಮೆಟಾಕ್ರಿಟಿಕ್ ಸೈಟ್‌ನಲ್ಲಿ 85 ಬಂದಿದ್ರೆ ಅಬ್ಸಿಡಿಯನ್ ಸ್ಟುಡಿಯೋಗೆ ಬೋನಸ್ ಸಿಗ್ತಿತ್ತು. ಬಂದಿದ್ದು 84. ಈಗಲೂ ಓದಿದಾಗೆಲ್ಲ ಬೇಜಾರಾಗುತ್ತೆ.

ಪ್ಯಾಚ್ ಹಾಕಿ ಮತ್ತೆ ಶುರು ಮಾಡೋರು ಒಂದು ನೆನಪಿಟ್ಟುಕೊಳ್ಳಿ. ಗುಡ್‌ಸ್ಪ್ರಿಂಗ್ಸ್‌ನಿಂದ ನೇರ ಉತ್ತರಕ್ಕೆ ವೇಗಸ್ ದೀಪ ಕಾಣುತ್ತೆ ಅಂತ ಓಡಬೇಡಿ. ಕ್ವಾರಿ ಜಂಕ್ಷನ್‌ನಲ್ಲಿ ಡೆತ್‌ಕ್ಲಾ ಅನ್ನೋ ದೈತ್ಯ ಪ್ರಾಣಿಗಳು, ಬೆಟ್ಟದ ಕಡೆ ಕ್ಯಾಜಡೋರ್ ಅನ್ನೋ ವಿಷದ ಹಾರೋ ಕೀಟಗಳು. ಅದು ಬಗ್ ಅಲ್ಲ, ಬೇಕಂತಲೇ ಇಟ್ಟಿದ್ದು. ದಕ್ಷಿಣಕ್ಕೆ ಪ್ರಿಮ್, ಅಲ್ಲಿಂದ ನಿಪ್ಟನ್, ಆಮೇಲೆ ನೊವ್ಯಾಕ್ ಹಾದು ಸುತ್ತಿ ಹೋಗಿ.