ಸಾಹೇಬ್ರು ವಿಸಿಯಲ್ಲಿದ್ದಾರೆ

ಪಹಣಿಯಲ್ಲಿ ನಮ್ಮಪ್ಪನ ಹೆಸರಿನ ಒಂದು ದೀರ್ಘ ಬಿಟ್ಟುಹೋಗಿದೆ. ಅದನ್ನು ಸೇರಿಸಲು ಕಳೆದ ವಾರ ಮೂರನೇ ಸಲ ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಅಂತ ಕೇಳಬೇಡಿ. ಬಾಗಿಲಲ್ಲಿ ಸ್ಟೂಲ್ ಹಾಕಿ ಕೂತಿದ್ದವರು ನನ್ನ ಮುಖ ಕಂಡ ಕೂಡಲೇ ಹೇಳಿದರು: "ಸಾಹೇಬ್ರು ವಿಸಿಯಲ್ಲಿದ್ದಾರೆ."

ವಿಸಿ ಅಂದ್ರೆ ವಿಡಿಯೋ ಕಾನ್ಫರೆನ್ಸ್ ಅಂತ ಬಿಡಿಸಿ ಹೇಳುವ ಅಗತ್ಯ ಈಗ ಯಾರಿಗೂ ಇಲ್ಲ. ಮೊದಲೆಲ್ಲ ಸಾಹೇಬ್ರು ಜಿಲ್ಲೆಗೆ ಮೀಟಿಂಗಿಗೆ ಹೋಗುತ್ತಿದ್ದರು. ಜೀಪು ಇರುತ್ತಿರಲಿಲ್ಲ, ಕುರ್ಚಿ ಖಾಲಿ ಇರುತ್ತಿತ್ತು. ನಾವೂ ಖಾಲಿ ಕುರ್ಚಿ ನೋಡಿಕೊಂಡು ಬಸ್ ಹತ್ತುತ್ತಿದ್ದೆವು. ಈಗ ಜೀಪೂ ನಿಂತಿದೆ, ಕುರ್ಚಿಯೂ ತುಂಬಿದೆ, ಕಿಟಕಿ ಪರದೆಯ ಸಂದಿಯಲ್ಲಿ ಸಾಹೇಬ್ರೂ ಕಾಣುತ್ತಾರೆ. ದರ್ಶನ ಉಂಟು, ಪ್ರಸಾದ ಇಲ್ಲ.

"ಯಾವ ವಿಷಯದ ವಿಸಿ ಅಣ್ಣಾ?" ಅಂತ ಕೇಳಿದೆ.

"ಸಾರ್ವಜನಿಕರ ಅರ್ಜಿ ವಿಲೇವಾರಿ ಯಾಕೆ ತಡ ಆಗ್ತಿದೆ ಅಂತ."

ನಾನು ನಗಲಿಲ್ಲ. ಅವರೂ ನಗಲಿಲ್ಲ.

ವರಾಂಡದ ಬೆಂಚಿನ ಮೇಲೆ ಒಬ್ಬ ಯುವತಿ ಕೂತಿದ್ದರು. ಗ್ರಾಮ ಆಡಳಿತ ಅಧಿಕಾರಿ. ಹಿಂದೆ ನಾವು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದೆವಲ್ಲ, ಅವರೇ. ಹೆಸರು ದೊಡ್ಡದಾಗಿದೆ, ಬೆಂಚು ಹಳೆಯದೇ. ನೀರಿನ ಬಾಟಲಿಗೆ ಫೋನ್ ಒರಗಿಸಿಟ್ಟು ಅವರೂ ಅದೇ ವಿಸಿಯಲ್ಲಿದ್ದರು. ಗೋಡೆಯ ಆ ಬದಿ ಸಾಹೇಬ್ರು, ಈ ಬದಿ ಇವರು. ನಡುವೆ ಒಂಬತ್ತು ಇಂಚು ಇಟ್ಟಿಗೆ. ಸಾಹೇಬ್ರ ಕೆಮ್ಮು ಮೊದಲು ಗೋಡೆಯಿಂದ ಕೇಳಿಸುತ್ತಿತ್ತು, ಆಮೇಲೆ ಎಲ್ಲೆಲ್ಲೋ ಸುತ್ತಿಕೊಂಡು ಫೋನಿನಲ್ಲಿ ಇನ್ನೊಮ್ಮೆ ಕೇಳಿಸುತ್ತಿತ್ತು.

ಸ್ವಲ್ಪ ಹೊತ್ತಿಗೆ ಅವರು ನನ್ನ ಕಡೆ ತಿರುಗಿ ಸಂಕೋಚದಿಂದ ಕೇಳಿದರು. "ಸಾರ್, ನನ್ನ ಡೇಟಾ ಮುಗೀತು. ಒಂದೈದು ನಿಮಿಷ ಹಾಟ್‌ಸ್ಪಾಟ್ ಹಾಕ್ತೀರಾ? ಕ್ಯಾಮರಾ ಆಫ್ ಆದ್ರೆ ಗೈರುಹಾಜರಿ ಅಂತಾರೆ."

ಹಾಕಿದೆ. ಹೀಗೆ ನನ್ನ ಅರ್ಜಿ ಯಾಕೆ ಬಾಕಿ ಇದೆ ಅನ್ನುವ ಚರ್ಚೆ ನನ್ನದೇ ಡೇಟಾದಲ್ಲಿ ನಡೆಯಿತು. ಅರ್ಜಿ ಶುಲ್ಕ ಕಟ್ಟಿದ್ದೆ, ಝೆರಾಕ್ಸ್ ಹಾಕಿಸಿದ್ದೆ. ಇಂಥ ಸೇವೆ ಮಾಡುವ ಭಾಗ್ಯ ಮಾತ್ರ ಇದೇ ಮೊದಲು.

ಮೀಟಿಂಗ್ ಹೇಗಿತ್ತು ಅಂತೀರಾ? ನನ್ನ ಪ್ಯಾಕ್ ಆದ್ದರಿಂದ ಇಣುಕುವ ಹಕ್ಕು ನನಗೂ ಇತ್ತು. ಮೊದಲ ಕಾಲು ಗಂಟೆ "ಕೇಳ್ತಿದೆಯಾ?" "ಕೇಳ್ತಿದೆ ಸಾರ್." "ಯಾರೋ ಮ್ಯೂಟ್ ಮಾಡಿಲ್ಲ, ಮಾಡ್ರೀ." ಒಂದು ಚೌಕದಲ್ಲಿ ಫ್ಯಾನು ಮಾತ್ರ ತಿರುಗುತ್ತಿತ್ತು. ಇನ್ನೊಂದರಲ್ಲಿ ಹಣೆಯ ಮೇಲ್ಭಾಗ. ಮತ್ತೊಬ್ಬರು ಗಾಡಿಯಲ್ಲಿ ಹೋಗುತ್ತಿದ್ದರು, ರಾಜ್ಯ ಹೆದ್ದಾರಿಯ ಗುಂಡಿಗಳೆಲ್ಲ ನೇರಪ್ರಸಾರ. ಯಾರದೋ ಮನೆ ಕುಕ್ಕರ್ ಮೂರು ಸೀಟಿ ಹೊಡೆಯಿತು. ಅಷ್ಟೂ ಹೊತ್ತಿನಲ್ಲಿ ಪೂರ್ತಿಯಾಗಿ ಮುಗಿದ ಕೆಲಸ ಅದೊಂದೇ.

ಇಂಥ ಗುಂಪು ವಿಡಿಯೋ ಕರೆಗೆ ಗಂಟೆಗೆ 800 ಎಂಬಿಯಾದರೂ ಬೇಕು. ಚಿತ್ರ ಇನ್ನಷ್ಟು ಸ್ಪಷ್ಟ ಬೇಕು ಅಂದರೆ 2 ಜಿಬಿ ದಾಟುತ್ತದೆ. ನಮ್ಮಂಥವರ ಪ್ಯಾಕು ದಿನಕ್ಕೆ ಒಂದೂವರೆ ಜಿಬಿ. ಅಂದ್ರೆ ಎರಡು ಗಂಟೆಯ ಮೀಟಿಂಗಿಗೂ ಸಾಲದು. ಮುಗಿದ ಮೇಲೆ ಕಂಪನಿಯವರು 64 ಕೆಬಿಪಿಎಸ್ ವೇಗದಲ್ಲಿ ಬಳಸಿಕೊಳ್ಳಿ ಅಂತ ದೊಡ್ಡ ಮನಸ್ಸು ಮಾಡುತ್ತಾರೆ. ಬೆಂಚಿನ ಮೇಲೆ ಬೇರೆ ಕೆಲಸ ಇರಲಿಲ್ಲ, ಲೆಕ್ಕ ಹಾಕಿದೆ. ಆ ವೇಗದಲ್ಲಿ ಒಂದು ಗಂಟೆಯ ಮೀಟಿಂಗ್ ಪೂರ್ತಿ ಇಳಿಯಲು ಹೆಚ್ಚುಕಡಿಮೆ 28 ಗಂಟೆ ಹಿಡಿಯುತ್ತದೆ. ನನ್ನ ಅರ್ಜಿಗಿಂತ ಎಷ್ಟೋ ಬೇಗ, ಅದು ಬೇರೆ ಮಾತು.

ಅದೇ ಮೀಟಿಂಗನ್ನು ಬರೀ ದನಿಯಲ್ಲಿ ನಡೆಸಿದರೆ ಐವತ್ತು ಅರವತ್ತು ಎಂಬಿಯಲ್ಲಿ ಮುಗಿಯುತ್ತದೆ. ಮಾಮೂಲಿ ಫೋನ್ ಕರೆಯಾದರೆ ಡೇಟಾ ಪ್ಯಾಕಿನಿಂದ ಒಂದು ಎಂಬಿಯೂ ಹೋಗಲ್ಲ. ಅಮೆರಿಕದಲ್ಲಿ ಪರ್ಡ್ಯೂ, ಯೇಲ್, ಎಂಐಟಿ ವಿಶ್ವವಿದ್ಯಾಲಯದವರು ಸೇರಿ 2021ರಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ವಿಡಿಯೋ ಮೀಟಿಂಗಿನಲ್ಲಿ ಕ್ಯಾಮರಾ ಆರಿಸಿದರೆ ಪರಿಸರದ ಮೇಲೆ ಬೀಳುವ ಹೊರೆ ಶೇ 96ರಷ್ಟು ಇಳಿಯುತ್ತದಂತೆ. ಅಂದ್ರೆ ಮೀಟಿಂಗಿನ ಭಾರವೆಲ್ಲ ನಮ್ಮ ಮುಖದ್ದೇ. ಮಾತಿಗೆ ತೂಕ ಇಲ್ಲ ಅನ್ನುವುದು ಆ ಮೀಟಿಂಗ್ ಕೇಳಿದ ನನಗೆ ಮೊದಲೇ ಅನುಮಾನ ಇತ್ತು.

ಜೂಮ್ ಕಂಪನಿಯ ಕಥೆ ಗೊತ್ತಲ್ಲ? ಕೊರೊನಾ ಕಾಲದಲ್ಲಿ ಜಗತ್ತನ್ನೆಲ್ಲ ಮನೆಯಲ್ಲೇ ಕೂರಿಸಿ ಬೆಳೆದವರು. 2023ರ ಆಗಸ್ಟ್‌ನಲ್ಲಿ ಅವರೇ ತಮ್ಮ ನೌಕರರಿಗೆ, ಆಫೀಸಿನಿಂದ 80 ಕಿಲೋಮೀಟರ್ ಒಳಗಿರುವವರು ವಾರಕ್ಕೆರಡು ದಿನ ಬಂದು ಕೆಲಸ ಮಾಡಿ ಅಂದರು. ಮದುವೆ ಅಡುಗೆ ಮಾಡಿದ ಭಟ್ಟರು ಊಟದ ಹೊತ್ತಿಗೆ ಮನೆಯಿಂದ ತಂದ ಬುತ್ತಿ ಬಿಚ್ಚಿದ ಹಾಗೆ. ಬೆಂಗಳೂರಿನಲ್ಲೂ ಅದೇ ಆಯಿತು. ನನ್ನ ಸೋದರಳಿಯ ಹೊರವರ್ತುಲ ರಸ್ತೆಯಲ್ಲಿ ಒಂದೂವರೆ ಗಂಟೆ ತೆವಳಿ ಆಫೀಸ್ ಸೇರುತ್ತಾನೆ. ಅಲ್ಲಿ ಹೆಡ್‌ಫೋನ್ ಹಾಕಿಕೊಂಡು ಪಕ್ಕದ ಕುರ್ಚಿಯವನ ಜೊತೆ ವಿಡಿಯೋ ಮೀಟಿಂಗ್ ಮಾಡುತ್ತಾನೆ. "ಇದೇನೋ ಹೀಗೆ?" ಅಂದ್ರೆ, "ಮಾವ, ವೈಫೈ ಫ್ರೀ ಅಲ್ವಾ" ಅನ್ನುತ್ತಾನೆ. ಅವನ ಮಟ್ಟಿಗೆ ಸರಿಯೇ.

ನಮ್ಮ ಕಡೆ ವೈಫೈ ಇಲ್ಲ. 5ಜಿ ಅನ್‌ಲಿಮಿಟೆಡ್ ಹಾಕಿಸಿ ಅಂತ ಯಾರೋ ಹೇಳಿದರು. ಹಾಕಿಸಬಹುದು. 5ಜಿ ಬಂದ ಮೇಲೆ. ಸದ್ಯಕ್ಕೆ 4ಜಿ ಇದೆ, ಬೆಳಿಗ್ಗೆ ಹೊತ್ತು, ಅಡಿಕೆ ಚಪ್ಪರದ ಮೂಲೆಯಲ್ಲಿ, ಕರೆಂಟ್ ಇದ್ದರೆ.

2016ರಲ್ಲಿ ಜಿಯೋ ಬರುವ ಮೊದಲು ಒಂದು ಜಿಬಿಗೆ ಇನ್ನೂರೈವತ್ತು ರೂಪಾಯಿ ಆಸುಪಾಸು ಇತ್ತು. ಆಗ ಯಾವ ಸಾಹೇಬ್ರಿಗೂ ನಮ್ಮ ಮುಖ ನೋಡಬೇಕು ಅನ್ನಿಸಿರಲಿಲ್ಲ. ಆಮೇಲೆ ಡೇಟಾ ಪುಕ್ಕಟೆ ಸಿಕ್ಕಿತು, ಎಲ್ಲರಿಗೂ ಎಲ್ಲರ ಮುಖ ನೋಡುವ ಆಸೆ ಹುಟ್ಟಿತು. ಪುಕ್ಕಟೆ ಮುಗಿದರೂ ಆಸೆ ಮುಗಿಯಲಿಲ್ಲ. 2024ರ ಜುಲೈನಲ್ಲಿ ದಿನಕ್ಕೆ ಒಂದೂವರೆ ಜಿಬಿಯ ಜಿಯೋ ಪ್ಯಾಕ್ 239ರಿಂದ 299ಕ್ಕೆ ಏರಿತು. ಅದೂ 28 ದಿನಕ್ಕೆ. ವರ್ಷಕ್ಕೆ ಹನ್ನೆರಡೇ ತಿಂಗಳ ಸಂಬಳ, ರೀಚಾರ್ಜ್ ಮಾತ್ರ ಹದಿಮೂರು.

ದಿನಕ್ಕೆ ಹತ್ತು ಹನ್ನೊಂದು ರೂಪಾಯಿ, ಅಷ್ಟಕ್ಕೆ ಇಷ್ಟು ಗಲಾಟೆಯಾ ಅಂತ ಕೇಳಬಹುದು. ಅಷ್ಟೇ ಅಲ್ವಾ, ಹಾಗಾದ್ರೆ ಕೊಟ್ಟುಬಿಡಿ. ಮೀಟಿಂಗ್ ಕರೆದವರು ಕೊಡಿ. 2024ರ ಸೆಪ್ಟೆಂಬರ್‌ನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ರಾಜ್ಯದ ತುಂಬ ಮುಷ್ಕರ ಕೂತರು. ಹದಿನೇಳಕ್ಕೂ ಜಾಸ್ತಿ ಆ್ಯಪ್ ಕೊಟ್ಟಿದ್ದೀರಿ, ಅದಕ್ಕೆ ಬೇಕಾದ ಸವಲತ್ತು ಕೊಟ್ಟಿಲ್ಲ ಅಂದರು. 2025ರ ಫೆಬ್ರವರಿಯಲ್ಲಿ ಮತ್ತೆ ಕೂತರು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಿಂದ ಒಂದು ಫೋಟೋ ಬಂದಿತ್ತು. ಸುರಿವ ಮಳೆಯಲ್ಲಿ ರಸ್ತೆ ಬದಿ ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾನೆ. ನಾವೆಲ್ಲ ಅದನ್ನು ನೋಡಿ ಕಣ್ಣೀರು ಹಾಕಿ ಫಾರ್ವರ್ಡ್ ಮಾಡಿದೆವು. ಎಷ್ಟು ಮಳೆಗಾಲ ಕಳೆಯಿತು. ಇವತ್ತಿಗೂ ಕೊಡೆ ಅವರದೇ, ಫೋನ್ ಅವರದೇ, ಡೇಟಾ ಅವರದೇ. ಹಾಜರಿ ಪುಸ್ತಕ ಮಾತ್ರ ಸಾಹೇಬ್ರದು. ಸಾಕಾಗಿದೆ ಕಣ್ರೀ. ತಮಾಷೆ ಮಾಡಲೂ ಬೇಜಾರು.

ಐದು ನಿಮಿಷದ ಹಾಟ್‌ಸ್ಪಾಟ್ ಒಂದೂಮುಕ್ಕಾಲು ಗಂಟೆ ನಡೆಯಿತು. ಮೊದಲು ಶೇ 50 ಮುಗಿದಿದೆ ಅಂತ ಮೆಸೇಜ್ ಬಂತು, ಆಮೇಲೆ ಶೇ 100. ಆ ಹೊತ್ತಿಗೆ ಸರಿಯಾಗಿ ಫೋನಿನಲ್ಲಿ "ಈ ವಿಷಯವನ್ನು ಮುಂದಿನ ವಿಸಿಯಲ್ಲಿ..." ಅನ್ನುವಷ್ಟರಲ್ಲಿ ಚಿತ್ರ ನಿಂತುಹೋಯಿತು. ಆ ಯುವತಿ ಪಾಪ, ಹತ್ತು ಸಲ ಥ್ಯಾಂಕ್ಸ್ ಹೇಳಿದರು. ಚಹಾ ಕುಡಿಸುತ್ತೇನೆ ಬನ್ನಿ ಅಂದರು. ಎದುರಿನ ಗೂಡಂಗಡಿಗೆ ಹೋದೆವು. ಅವರ ಫೋನಿನಲ್ಲಿ ಸ್ಕ್ಯಾನ್ ಆಗಲಿಲ್ಲ, ನನ್ನದರಲ್ಲೂ ಚಕ್ರ ತಿರುಗುತ್ತಲೇ ಇತ್ತು. ಅಂಗಡಿಯವರು ಇಬ್ಬರ ಮುಖವನ್ನೂ ನೋಡಿ, "ಬರ್ಕೊಳ್ತೀನಿ ಬಿಡಿ, ವಿಸಿ ಇದ್ದ ದಿನ ಎಲ್ಲರದೂ ಹಿಂಗೇ" ಅಂದರು.

ವಾಪಸ್ ಬಂದು ಸ್ಟೂಲಿನವರನ್ನು ಕೇಳಿದೆ. "ನಾಳೆ ಬರ್ಲಾ?"

"ನಾಳೆ ಬೇಡಿ ಸಾರ್, ಇನ್ನೊಂದು ವಿಸಿ ಇದೆ. ನಾಳಿದ್ದು ಯಾವ ವಿಸಿನೂ ಇಲ್ಲ."

"ಹಾಗಾದ್ರೆ ನಾಳಿದ್ದು ಬರ್ತೀನಿ."

"ನಾಳಿದ್ದು ಎರಡನೇ ಶನಿವಾರ ಸಾರ್."